ಯಾವ ಹಾದಿಗೆ ಈ ಎಂಜಿನ್?

ಬೋಧನಾಭ್ಯಾಸದ ಅನುಭವಗಳಿಗೆ ಮೀಸಲಾದ ಈ ಪುಟಗಳಲ್ಲಿ ಹಳೆಯ ಮೋಟಾರ್‌ಸೈಕಲ್ಲೊಂದರ ವಿಷಯ ಬರೆಯುತ್ತಿದ್ದೇನೆ. ನಾನು ವಿಜ್ಞಾನ ಬೋಧನಾ ವಿಧಾನವನ್ನು ಕಲಿಸುವವನು. ಕಳೆದ ಎರಡು ವರ್ಷಗಳಲ್ಲಿ ಅನೇಕ ಭಾನುವಾರಗಳನ್ನು ಒಂದು ಶೆಡ್ಡಿನಲ್ಲಿ ಕಳೆದೆ. ಅಲ್ಲಿ ಕಂಡ ಕೆಲಸ ನಮ್ಮ ಪಾಠ ಅವಲೋಕನದ ಕ್ರಮದ ಬಗ್ಗೆ ನನ್ನಲ್ಲಿ ಒಂದು ಪ್ರಶ್ನೆ ಎಬ್ಬಿಸಿತು. ಆ ಪ್ರಶ್ನೆಯನ್ನು ಸಹೋದ್ಯೋಗಿಗಳ ಮುಂದೆಯೂ ಪ್ರಶಿಕ್ಷಣಾರ್ಥಿಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ. ಮೊದಲು ಬೈಕಿನ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಿವರವಿಲ್ಲದೆ ಹೋಲಿಕೆ ಮಾಡಿದರೆ ಅದು ಬರೀ ಮಾತಾಗುತ್ತದೆ.

ಶೆಡ್ಡು ನನ್ನ ಸೋದರಮಾವನದು. ಅವರು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಅಲ್ಲಿ ಬೈಕುಗಳ ತಯಾರಿಕೆ ಆರಂಭವಾಯಿತು. 1973ರಿಂದ ಅವೇ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಮಾವ ಮನೆಯ ಹಿತ್ತಲಲ್ಲೇ ರಿಪೇರಿ ಶೆಡ್ಡು ಹಾಕಿಕೊಂಡರು. ಅವರ ಮಗನಿಗೆ ಗುಜರಿಯಲ್ಲಿ ಅರವತ್ತರ ದಶಕದ ಜಾವಾ 250 ಒಂದು ಸಿಕ್ಕಿತು. ಅದನ್ನು ಸಿದ್ಧಪಡಿಸಿ ಮಣ್ಣಿನ ಟ್ರ್ಯಾಕಿನಲ್ಲಿ ಹಳೆಯ ಬೈಕುಗಳ ವರ್ಗದಲ್ಲಿ ಓಡಿಸಬೇಕೆಂದು ಅವನು ಹಟ ಹಿಡಿದ.

ಜಾವಾ 250 ಕಂಡವರಿಗೆ ಅದರ ವಿಶೇಷಗಳು ಗೊತ್ತು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಗುಚಿದರೆ ಗೇರಿನ ಸನ್ನೆಯಾಗುತ್ತದೆ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಹತ್ತನೆಯ ತರಗತಿಯ ಸಿಲಿಂಡರಿನ ಸೂತ್ರ ಹಾಕಿದರೆ ಗಾತ್ರ ಸುಮಾರು 249 ಘನ ಸೆಂ.ಮೀ. ಎಂದು ಬರುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಆ ಕಿಂಡಿಗಳು ಎಷ್ಟು ಎತ್ತರದಲ್ಲಿವೆ ಎಂಬುದರ ಮೇಲೆ ಎಂಜಿನ್ನಿನ ಸ್ವಭಾವ ನಿಂತಿದೆ.

ಮೊದಲು ಅಳತೆ

ರೇಸಿಗೆ ಬೈಕು ಸಿದ್ಧಮಾಡುವುದರಲ್ಲಿ ಅರ್ಧ ಕೆಲಸ ಕಳಚಿಹಾಕುವುದೇ. ಹೆಡ್‌ಲೈಟು, ಹಾರನ್ನು, ಟೂಲ್‌ಬಾಕ್ಸು, ಉಕ್ಕಿನ ದಪ್ಪ ಮಡ್‌ಗಾರ್ಡುಗಳು ಎಲ್ಲ ಹೋದವು. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಬಂತು, ಗಂಟುಗಂಟಿನ ಟೈರುಗಳು ಬಂದವು. ಎಣ್ಣೆ ಬಿಡುವ ಬೋಲ್ಟನ್ನು ತಂತಿಯಿಂದ ಬಿಗಿದು ಕಟ್ಟಿದರು. ಅದು ಸಡಿಲವಾಗಿ ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಹಿಂದೆ ಬರುವ ಸವಾರ ಬೀಳುತ್ತಾನೆ.

ಎಂಜಿನ್ನಿನ ಸರದಿ ಬಂದಾಗ ಮಗ ಅರ ಹಿಡಿದು ಕೂತಿದ್ದ. ಎಕ್ಸಾಸ್ಟ್ ಕಿಂಡಿಯನ್ನು ಮೇಲಕ್ಕೆ ಉಜ್ಜಿದರೆ ವೇಗ ಹೆಚ್ಚುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಾವ ತಡೆದರು. ಬೈಕಿನ ಜೊತೆ ಬಂದ ಮೂಲ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟು, ಸವೆದ ಇನ್ನೊಂದು ಸಿಲಿಂಡರನ್ನು ಕೊರೆಸಿ ತಂದುಕೊಟ್ಟರು. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು, ಅಳೆಯದೆ ಅರ ಮುಟ್ಟಬೇಡ ಎಂಬುದು ಅವರ ಷರತ್ತು.

ಅಳೆಯುವ ಸಾಮಾನು ನಮ್ಮ ಕಾಲೇಜಿನಿಂದ ಹೋಯಿತು. ಕಪ್ಪುಹಲಗೆಯ ಮೇಲೆ ಬಳಸುವ ಮರದ ಕೋನಮಾಪಕವನ್ನಿಟ್ಟು ರಟ್ಟಿನ ಮೇಲೆ 360 ಡಿಗ್ರಿಯ ಪೂರ್ಣ ವೃತ್ತ ಗುರುತಿಸಿದೆ. ಅದನ್ನು ಕ್ರ್ಯಾಂಕ್‌ಶಾಫ್ಟಿನ ತುದಿಗೆ ಸಿಕ್ಕಿಸಿ ತಂತಿಯ ಮುಳ್ಳು ನಿಲ್ಲಿಸಿದೆವು. ಮೊದಲು ಬೇಕಾದದ್ದು ಪಿಸ್ಟನ್ನಿನ ತುತ್ತತುದಿಯ ಬಿಂದು. ಅದು ಸುಲಭವಾಗಿ ಸಿಗುವುದಿಲ್ಲ. ತುದಿಯಲ್ಲಿ ಪಿಸ್ಟನ್ ಎಷ್ಟು ನಿಧಾನವೆಂದರೆ ಶಾಫ್ಟನ್ನು ನಾಲ್ಕೈದು ಡಿಗ್ರಿ ತಿರುಗಿಸಿದರೂ ಅಲ್ಲೇ ನಿಂತಂತೆ ಕಾಣುತ್ತದೆ. ಮಾವ ಪ್ಲಗ್ಗಿನ ರಂಧ್ರಕ್ಕೆ ತಡೆಬೋಲ್ಟು ಹಾಕಿದರು. ಶಾಫ್ಟನ್ನು ಬಲಕ್ಕೆ ತಿರುಗಿಸಿ ಪಿಸ್ಟನ್ ತಡೆಗೆ ತಾಗಿದ ಡಿಗ್ರಿ ಬರೆದರು, ಎಡಕ್ಕೆ ತಿರುಗಿಸಿ ತಾಗಿದ ಡಿಗ್ರಿ ಬರೆದರು. ಎರಡರ ನಡುಬಿಂದುವೇ ತುತ್ತತುದಿ. ನೇರವಾಗಿ ಕಾಣದ ಬಿಂದುವನ್ನು ಎರಡು ಬದಿಯಿಂದ ಸಮೀಪಿಸಿ ಹಿಡಿಯುವ ಈ ಉಪಾಯ ನನಗೆ ಪೂರ್ವಜ್ಞಾನ ಪರೀಕ್ಷೆಯನ್ನು ನೆನಪಿಸಿತು. ತರಗತಿಯಲ್ಲಿ ಎಲ್ಲರೂ ಉತ್ತರಿಸುವ ಪ್ರಶ್ನೆ ಒಂದು ಬದಿ, ಯಾರೂ ಉತ್ತರಿಸಲಾಗದ ಪ್ರಶ್ನೆ ಇನ್ನೊಂದು ಬದಿ. ಪಾಠ ಆರಂಭವಾಗಬೇಕಾದ ಜಾಗ ಅವೆರಡರ ನಡುವೆ ಇರುತ್ತದೆ. ನಮ್ಮ ಪಾಠ ಯೋಜನೆಗಳಲ್ಲಿ ಮಾತ್ರ ಪೂರ್ವಜ್ಞಾನದ ಪ್ರಶ್ನೆಗಳೆಲ್ಲ ಎಲ್ಲರೂ ಉತ್ತರಿಸುವಂಥವೇ ಆಗಿರುತ್ತವೆ.

ರಸಾಯನ ಪ್ರಯೋಗಾಲಯದ ಬ್ಯುರೆಟ್ ಕೂಡ ಶೆಡ್ಡಿಗೆ ಹೋಯಿತು. ಪಿಸ್ಟನ್ ತುದಿಯಲ್ಲಿದ್ದಾಗ ಮೇಲೆ ಉಳಿಯುವ ಜಾಗಕ್ಕೆ ಪ್ಲಗ್ ರಂಧ್ರದ ಮೂಲಕ ತೆಳು ಎಣ್ಣೆ ಬಿಟ್ಟು ಅಳೆದೆವು. 33 ಮಿ.ಲೀ. ಹಿಡಿಸಿತು. 249ಕ್ಕೆ 33 ಕೂಡಿಸಿ 33ರಿಂದ ಭಾಗಿಸಿದರೆ ಸುಮಾರು 8.5. ಇದು ಸಂಕೋಚನ ಅನುಪಾತ. ನಮ್ಮ ಬ್ಯುರೆಟ್ ಅಷ್ಟು ವರ್ಷಗಳಲ್ಲಿ ಆಮ್ಲ-ಪ್ರತ್ಯಾಮ್ಲ ಬಿಟ್ಟು ಬೇರೇನನ್ನೂ ಅಳೆದಿರಲಿಲ್ಲ.

ಅಲೆಯ ಲೆಕ್ಕ

ಟೂ-ಸ್ಟ್ರೋಕ್ ರೇಸ್ ಎಂಜಿನ್ನಿನ ಶಕ್ತಿಯ ದೊಡ್ಡ ಪಾಲು ಎಕ್ಸಾಸ್ಟ್ ಕೊಳವೆಯ ಆಕಾರದಿಂದ ಬರುತ್ತದೆ. ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯೊಳಗೆ ಓಡುತ್ತದೆ. ಕೊಳವೆ ಶಂಕುವಿನಂತೆ ಅಗಲವಾಗುವಲ್ಲಿ ಹೀರುವ ಅಲೆ ಹಿಂದಿರುಗಿ ಸುಟ್ಟ ಅನಿಲವನ್ನು ಹೊರಗೆಳೆಯುತ್ತದೆ. ಅದರ ಜೊತೆ ಹೊಸ ಪೆಟ್ರೋಲ್-ಗಾಳಿಯ ಮಿಶ್ರಣವೂ ಒಂದಿಷ್ಟು ಕೊಳವೆಗೆ ಚೆಲ್ಲುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವಲ್ಲಿ ಒತ್ತುವ ಅಲೆ ಹಿಂದಿರುಗುತ್ತದೆ. ಕಿಂಡಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಬಂದರೆ ಅದು ಚೆಲ್ಲಿದ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತುರುಕುತ್ತದೆ.

ಇದನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪ್ರಮುಖರು ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಎಂದರೆ ಲೀಟರಿಗೆ 200 ಅಶ್ವಶಕ್ತಿ. ನಮ್ಮ ಜಾವಾ ಅದರ ಎರಡರಷ್ಟು ಗಾತ್ರವಿದ್ದೂ ಕಾರ್ಖಾನೆಯಿಂದ ಹೊರಬಂದಾಗ ಕೊಡುತ್ತಿದ್ದದ್ದು 12ರ ಆಸುಪಾಸು. ಅದೇ 1961ರಲ್ಲಿ ಎಂ.ಝಡ್. ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವರು ದೇಶಕ್ಕೆ ಮರಳದೆ ಸುಜುಕಿ ಸೇರಿದರು. ಮರುವರ್ಷ 50 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದರು. ಕಾಡೆನ್ ಕಂಡುಕೊಂಡದ್ದು ಅವರೊಡನೆ ಜಪಾನಿಗೆ ಹೋಯಿತು.

ಕೊಳವೆಯ ಉದ್ದದ ಲೆಕ್ಕ ಪ್ರೌಢಶಾಲೆಯ ಲೆಕ್ಕವೇ. ನಿಮಿಷಕ್ಕೆ 6500 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ಒಂದಂಶದಂಥ 9.2 ಭಾಗ ಬೇಕು. ಸುಲಭಕ್ಕಾಗಿ ಕಿಂಡಿ ಅರ್ಧ ಸುತ್ತು ತೆರೆದಿರುತ್ತದೆ ಎನ್ನೋಣ, 4.6 ಭಾಗ. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಆ ಅವಧಿಯಲ್ಲಿ ಅದು 2.3 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಕೊಳವೆಯ ಲೆಕ್ಕದ ಉದ್ದ 1.15 ಮೀಟರ್. 5500 ಸುತ್ತಿಗೆ ಇದೇ ಲೆಕ್ಕ ಮಾಡಿದರೆ 1.36 ಮೀಟರ್ ಬರುತ್ತದೆ. ಒಂದು ಕೊಳವೆ ಒಂದು ವೇಗದ ಸುತ್ತಮುತ್ತ ಮಾತ್ರ ಸಹಾಯ ಮಾಡುತ್ತದೆ. ಉಳಿದ ವೇಗಗಳಲ್ಲಿ ಅಲೆ ಬೇಗ ಬರುತ್ತದೆ ಅಥವಾ ತಡವಾಗಿ ಬರುತ್ತದೆ, ಎರಡೂ ಕೆಡುಕೇ. ಕಿಂಡಿಯ ಎತ್ತರವೂ ಹೀಗೆಯೇ. ಒಂದು ಮಿ.ಮೀ. ಮೇಲಕ್ಕೆ ಉಜ್ಜಿದರೆ ಕಿಂಡಿ ತೆರೆದಿರುವ ಅವಧಿ ಸುಮಾರು ಮೂರೂವರೆ ಡಿಗ್ರಿ ಹೆಚ್ಚುತ್ತದೆ. ಹೆಚ್ಚು ವೇಗದಲ್ಲಿ ಶಕ್ತಿ ಸಿಗುತ್ತದೆ, ಕಡಿಮೆ ವೇಗದ ಎಳೆತ ಹೋಗುತ್ತದೆ.

ಶಿಖರ ಎತ್ತರವಾದಷ್ಟೂ ಅದರ ಬುಡ ಕಿರಿದಾಗುತ್ತದೆ. ಇದಕ್ಕೆ ರೇಸ್ ಕಾರ್ಖಾನೆಗಳು ಕಂಡುಕೊಂಡ ಪರಿಹಾರ ಹೆಚ್ಚು ಗೇರುಗಳು. 1967ರ ಸುಜುಕಿ 50 ಸಿಸಿ ರೇಸ್ ಬೈಕಿಗೆ 14 ಗೇರುಗಳಿದ್ದವು. ಎಂಜಿನ್ ಶಿಖರದಿಂದ ಕೆಳಗೆ ಜಾರದಂತೆ ಸವಾರ ಸದಾ ಗೇರು ಬದಲಿಸುತ್ತಲೇ ಇರಬೇಕಿತ್ತು. ನಮ್ಮ ಜಾವಾದಲ್ಲಿ ಇರುವುದು ನಾಲ್ಕೇ ಗೇರು.

ಮೈದಾನದಲ್ಲಿ

ಮಗ 6500ರ ಕೊಳವೆಯನ್ನೇ ಆರಿಸಿದ. ಶಂಕುವಿನ ಭಿನ್ನಕವನ್ನು ಬಿಡಿಸಿದ ಆಕಾರವನ್ನು ವೃತ್ತಪತ್ರಿಕೆಯ ಮೇಲೆ ಬರೆದು, ಅದರಂತೆ ತಗಡು ಕತ್ತರಿಸಿ, ಸುತ್ತಿ, ಬೆಸೆದು ಜೋಡಿ ಕೊಳವೆ ಮಾಡಿದೆವು. ಡಾಂಬರು ರಸ್ತೆಯ ಮೇಲೆ ಒಮ್ಮೆ ಓಡಿಸಿ ನೋಡಿದಾಗ ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಒಂದು ಹಂತ ದಾಟಿದ ಮೇಲೆ ಬೈಕು ಕಿರುಚಿಕೊಂಡು ಹಾರುತ್ತಿತ್ತು.

ಮಣ್ಣಿನ ಮೈದಾನದಲ್ಲಿ ಅದೇ ಬೈಕು ಬೇರೆಯಾಗಿ ಕಂಡಿತು. ಅಲ್ಲಿ ತಿರುವಿನ ಮೇಲೆ ತಿರುವು. ತಿರುವಿನಲ್ಲಿ ವೇಗ ಇಳಿದೊಡನೆ ಎಂಜಿನ್ ಗಂಟಲು ಕಟ್ಟಿದಂತೆ ಆಗುತ್ತಿತ್ತು. ಗೇರು ಇಳಿಸಿ, ಕ್ಲಚ್ ಜಾರಿಸಿ, ಅದು ಮತ್ತೆ ಎಚ್ಚರಗೊಳ್ಳುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತಿತ್ತು. ಮಾವ ಮೈದಾನದ ಸುತ್ತ ಹೆಜ್ಜೆ ಹಾಕಿ ನೇರ ದಾರಿ ಎಷ್ಟು, ತಿರುವು ಎಷ್ಟು ಎಂದು ಎಣಿಸಿ ಬಂದರು. "ಯಾವ ಹಾದಿಗೆ ಈ ಎಂಜಿನ್?" ಎಂದಷ್ಟೇ ಕೇಳಿದರು.

ಎರಡನೆಯ ಜೋಡಿ ಕೊಳವೆ 5500ಕ್ಕೆ ಲೆಕ್ಕ ಹಾಕಿ ಮಾಡಿದ್ದು, ಉದ್ದ ಹೆಚ್ಚು, ಶಂಕುವಿನ ಇಳಿಜಾರು ಮೆಲ್ಲನೆಯದು. ಸದ್ದು ಮಂಕಾಯಿತು. ನೇರ ದಾರಿಯ ಗರಿಷ್ಠ ವೇಗ ಕಡಿಮೆಯಾಯಿತು. ನೋಡುತ್ತಿದ್ದ ಹುಡುಗರಿಗೆ ನಿರಾಸೆಯಾಯಿತು, ಮಗನಿಗೂ ಆಯಿತು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಪ್ರತಿ ಸುತ್ತಿನಲ್ಲೂ ಎರಡನೆಯ ಕೊಳವೆ ಮೊದಲನೆಯದಕ್ಕಿಂತ ಕಡಿಮೆ ಸಮಯ ತೋರಿಸಿತು.

ಆಮೇಲೆ ಕಾರ್ಬ್ಯುರೇಟರಿನ ಹೊಂದಾಣಿಕೆ. ಪೂರ್ಣ ವೇಗದಲ್ಲಿ ಓಡಿಸುತ್ತಿರುವಾಗಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡುತ್ತಾರೆ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ. ಆ ಸ್ಥಿತಿಯಲ್ಲಿ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಕಚ್ಚಿಕೊಳ್ಳಬಹುದು, ತೂತೂ ಬೀಳಬಹುದು. ತಿಳಿ ಕಂದು ಬಣ್ಣ ಬಂದರೆ ಸರಿ. ಬದಲಾವಣೆ ಒಂದು ಸಲಕ್ಕೆ ಒಂದೇ. ಜೆಟ್ ಬದಲಿಸಿದ ದಿನ ಪಾಯಿಂಟಿನ ತಂಟೆಗೆ ಹೋಗಬಾರದು. ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ರೇಸಿನಲ್ಲಿ ಮಗ ಗೆಲ್ಲಲಿಲ್ಲ, ನಡುಭಾಗದಲ್ಲಿ ಬಂದ. ಆದರೆ ಎಲ್ಲ ಸುತ್ತುಗಳನ್ನೂ ಮುಗಿಸಿದ. ಅವನಿಗಿಂತ ಜೋರಾಗಿ ಕಿರುಚುತ್ತಿದ್ದ ಎರಡು ಬೈಕುಗಳು ದಾರಿಯಲ್ಲೇ ನಿಂತಿದ್ದವು.

ಅಂತಿಮ ಪಾಠ

ಇದೇ ಅವಧಿಯಲ್ಲಿ ನನ್ನ ಅವಲೋಕನದಲ್ಲಿದ್ದ ಪ್ರಶಿಕ್ಷಣಾರ್ಥಿಯೊಬ್ಬಳ ವಿಷಯ ಹೇಳಬೇಕು. ಎಂಟನೆಯ ತರಗತಿಯ ಶಬ್ದದ ಘಟಕದ ಮೇಲೆ ಅವಳ ಅಂತಿಮ ಪಾಠ ಉತ್ತಮವಾಗಿತ್ತು. ಶ್ರುತಿಕವೆ, ನೀರಿನ ಬಟ್ಟಲು, ಬಣ್ಣದ ಚಾರ್ಟುಗಳು, ಮೊದಲೇ ಪರಿಚಯವಾದ ತರಗತಿ, ಬೆಳಗಿನ ಎರಡನೆಯ ಅವಧಿ. ಪ್ರೇರಣಾ ಹಂತದಿಂದ ಗೃಹಕೆಲಸದವರೆಗೆ ನಿಮಿಷವೂ ಜಾರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಪರೀಕ್ಷಕರು ಮೆಚ್ಚಿದರು.

ಕೆಲವು ವಾರಗಳ ನಂತರ ನಾನು ಬೇರೊಂದು ಕೆಲಸಕ್ಕೆ ಅದೇ ಶಾಲೆಗೆ ಹೋಗಿದ್ದೆ. ಕೊನೆಯ ಅವಧಿ, ಹೊರಗೆ ಮಳೆ. ಇಬ್ಬರು ಶಿಕ್ಷಕರು ಅನ್ಯ ಕರ್ತವ್ಯಕ್ಕೆ ಹೋಗಿದ್ದರಿಂದ ಎಂಟು ಮತ್ತು ಒಂಬತ್ತನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು. ತಗಡಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಅವಳು ಮೇಜು ಹಿಡಿದು ನಿಂತಿದ್ದಳು. ತನ್ನ ಬಳಿ ಈ ಅವಧಿಗೆ ಪಾಠ ಯೋಜನೆ ಇಲ್ಲವೆಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಶಬ್ದದ ಪಾಠವನ್ನು ಅಷ್ಟು ಚೆನ್ನಾಗಿ ಮಾಡಿದವಳು ಅವಳೇ. ಅವಳ ಸಾಮರ್ಥ್ಯದಲ್ಲಿ ಕೊರತೆಯಿರಲಿಲ್ಲ. ಒಂದು ನಿರ್ದಿಷ್ಟ ವೇಗಕ್ಕೆ, ಒಂದು ನಿರ್ದಿಷ್ಟ ಹಾದಿಗೆ ಅವಳನ್ನು ಸಿದ್ಧಗೊಳಿಸಲಾಗಿತ್ತು. ಶಾಲೆಯ ಹೆಚ್ಚಿನ ದಿನಗಳು ತಿರುವುಗಳಿಂದಲೇ ತುಂಬಿವೆ, ಶಿಕ್ಷಕರ ಬಳಿ 14 ಗೇರುಗಳಿರುವುದಿಲ್ಲ.

ಈ ಮಾತನ್ನು ಸಿಬ್ಬಂದಿ ಸಭೆಯಲ್ಲಿ ಎತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಅವರ ವಾದದಲ್ಲಿ ಹುರುಳಿದೆ. ತರಗತಿಯ ಮುಂದೆ ನಿಂತು ಕಾಲು ನಡುಗುವ ಹುಡುಗ ಹುಡುಗಿಯರಿಗೆ ಒಮ್ಮೆಯಾದರೂ ಪೂರ್ಣವಾಗಿ ಗೆದ್ದ ಪಾಠದ ನೆನಪು ಬೇಕು. ಅಂಕಗಳೂ ಬೇಕು, ಅವರ ಮುಂದಿನ ಬದುಕು ಅದರ ಮೇಲಿದೆ. ಕಾಡೆನ್ ಅವರ ಎಂಜಿನ್ನನ್ನು ಮಾವ ಕೂಡ ಹಗುರವಾಗಿ ಕಾಣುವುದಿಲ್ಲ. ಎಂಜಿನ್ ಎಷ್ಟು ಕೊಡಬಲ್ಲದು ಎಂಬುದನ್ನು ತೋರಿಸಿದ್ದು ಅದೇ. ಆದ್ದರಿಂದ ಅಂತಿಮ ಪಾಠ ಬೇಡವೆಂದು ನಾನು ಹೇಳುವುದಿಲ್ಲ. ಉಳಿದ ಪಾಠಗಳೆಲ್ಲ ಅದೊಂದಕ್ಕಾಗಿ ನಡೆಯುವ ತಾಲೀಮಾಗಿಬಿಡುವುದು ನನ್ನ ಚಿಂತೆ.

ನಾವು ಮಾಡಿನೋಡಿದ್ದು

ನನ್ನ ಗುಂಪಿನ ಪ್ರಶಿಕ್ಷಣಾರ್ಥಿಗಳೊಡನೆ ಮೂರು ಸಣ್ಣ ಬದಲಾವಣೆಗಳನ್ನು ಮಾಡಿನೋಡಿದೆವು.

ಮೊದಲನೆಯದು, ಅವಲೋಕಿಸುವ ಪಾಠಗಳಲ್ಲಿ ಎರಡನ್ನು ಚೀಟಿ ಎತ್ತಿ ಆರಿಸುವುದು. ಚೀಟಿಯಲ್ಲಿ ಬರುವುದು ತರಗತಿ ಮತ್ತು ಅವಧಿ ಮಾತ್ರ. ಊಟದ ನಂತರದ ಅವಧಿ ಬರಬಹುದು, ಶನಿವಾರದ ಕೊನೆಯ ಅವಧಿ ಬರಬಹುದು. ಸಾಮಗ್ರಿ ಎಂದರೆ ಕೋಣೆಯಲ್ಲಿರುವುದಷ್ಟೇ. ಈ ಪಾಠಗಳಿಗೆ ಅಂಕವಿಲ್ಲ. ಮೊದಮೊದಲು ಎಲ್ಲರೂ ಹೆದರಿದರು. ಕೆಲವರ ಪಾಠ ಹತ್ತು ನಿಮಿಷಕ್ಕೇ ಮುಗಿದುಹೋಯಿತು. ಅಂಥ ಪಾಠದ ಮೇಲೆ ನಡೆದ ಚರ್ಚೆ ಚಾರ್ಟಿನ ಅಕ್ಷರದ ಗಾತ್ರದ ಮೇಲೆ ನಡೆಯುವ ಚರ್ಚೆಗಿಂತ ಉಪಯುಕ್ತವಾಗಿತ್ತು.

ಎರಡನೆಯದು, ಹಿಮ್ಮಾಹಿತಿಯಲ್ಲಿ ಒಂದೇ ಸಂಗತಿ. ಸೂಕ್ಷ್ಮ ಬೋಧನೆಯಲ್ಲಿ ನಾವು ಇದನ್ನು ಪಾಲಿಸುತ್ತೇವೆ. 36 ನಿಮಿಷದ ಆವರ್ತದಲ್ಲಿ ಒಂದೇ ಕೌಶಲ, ಅದರ ಹಿಮ್ಮಾಹಿತಿ, ಮರುಯೋಜನೆ, ಮರುಬೋಧನೆ. ಶಾಲೆಗೆ ಕಾಲಿಟ್ಟೊಡನೆ ಅದನ್ನು ಮರೆತು ಧ್ವನಿ, ಪ್ರಶ್ನೆ, ಕಪ್ಪುಹಲಗೆ, ಸಮಯ, ಶಿಸ್ತು ಎಂದು ಒಂದೇ ಪುಟದಲ್ಲಿ ಹನ್ನೆರಡು ಸೂಚನೆ ಬರೆಯುತ್ತೇವೆ. ಮರುದಿನದ ಪಾಠ ಸುಧಾರಿಸಿದರೂ ಕೆಟ್ಟರೂ ಕಾರಣ ಯಾರಿಗೂ ತಿಳಿಯುವುದಿಲ್ಲ. ಈಗ ಒಂದು ಸೂಚನೆ ಬರೆದು, ಮುಂದಿನ ಪಾಠದಲ್ಲಿ ಅದನ್ನಷ್ಟೇ ನೋಡುತ್ತೇನೆ. ಉಜ್ಜಿ ತೆಗೆದ ಲೋಹದ ಮಾತು ಇಲ್ಲಿಯೂ ಸಲ್ಲುತ್ತದೆ. ಹೊಸಬರ ಧೈರ್ಯವನ್ನು ಒಂದೇ ಸಂಜೆಯಲ್ಲಿ ಬಹಳಷ್ಟು ಉಜ್ಜಿ ತೆಗೆಯಬಹುದು.

ಮೂರನೆಯದು, ಪ್ಲಗ್ ನೋಡುವ ಕೆಲಸ. ಪಾಠ ಮುಗಿದೊಡನೆ, ಯಾರೂ ಏನೂ ಮಾತಾಡುವ ಮೊದಲು, ಬೇರೆಬೇರೆ ಸಾಲುಗಳಿಂದ ಐದು ಮಕ್ಕಳ ನೋಟ್‌ಪುಸ್ತಕ ತರಿಸಿಕೊಂಡು ನಾನೂ ಪ್ರಶಿಕ್ಷಣಾರ್ಥಿಯೂ ಜೊತೆಯಾಗಿ ಓದುತ್ತೇವೆ. ಪಾಠವನ್ನು ಹಿಂದಿನ ಬೆಂಚಿನಿಂದ ನೋಡುವವನು ರಸ್ತೆ ಬದಿಯಲ್ಲಿ ನಿಂತು ಸದ್ದು ಕೇಳಿ ಮೆಚ್ಚುವವನಂತೆ. ಒಳಗೆ ಏನು ಉರಿಯಿತು, ಎಷ್ಟು ಉರಿಯಿತು ಎಂಬುದು ಪುಸ್ತಕದಲ್ಲಿರುತ್ತದೆ. ಪಾಠ ಜೋರಾಗಿ ನಡೆದ ದಿನ ಐದರಲ್ಲಿ ಮೂರು ಪುಸ್ತಕಗಳಲ್ಲಿ ಚಾರ್ಟಿನ ಶೀರ್ಷಿಕೆ ಮಾತ್ರ ಇದ್ದದ್ದೂ ಉಂಟು.

ಮಳೆಯ ದಿನ ಮೇಜು ಹಿಡಿದು ನಿಂತಿದ್ದ ಪ್ರಶಿಕ್ಷಣಾರ್ಥಿಗೆ ಮುಂದಿನ ಇಂಟರ್ನ್‌ಷಿಪ್ ಅವಧಿಯಲ್ಲಿ ಚೀಟಿಯಲ್ಲಿ ಬಂದದ್ದು ಏಳನೆಯ ಅವಧಿ. ಕೈಯಲ್ಲಿ ಏನೂ ಇರಲಿಲ್ಲ. ಅವಳು ಮಕ್ಕಳಿಗೆ ಬೆಂಚಿಗೆ ಕಿವಿ ಹಚ್ಚಲು ಹೇಳಿ, ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗನಿಂದ ಉಗುರಿನಲ್ಲಿ ಕೆರೆಸಿದಳು. ಕಿವಿ ಎತ್ತಿದರೆ ಕೇಳುವುದಿಲ್ಲ, ಹಚ್ಚಿದರೆ ಕೇಳುತ್ತದೆ, ಯಾಕೆ? ಪಾಠ ಆ ಪ್ರಶ್ನೆಯಿಂದ ಹೊರಟು ಗೊಂದಲದಲ್ಲೇ ಮುಂದುವರಿಯಿತು. ಸಮಯ ಸಾಲದೆ ಮೌಲ್ಯಮಾಪನ ಹಂತ ಉಳಿದುಹೋಯಿತು. ನಮ್ಮ ನಮೂನೆಯ ಪ್ರಕಾರ ಅಂಕ ಕೊಟ್ಟಿದ್ದರೆ ಅವಳ ಅಂತಿಮ ಪಾಠಕ್ಕಿಂತ ಕಡಿಮೆ ಬರುತ್ತಿತ್ತು. ಐದು ಪುಸ್ತಕಗಳಲ್ಲಿ ನಾಲ್ಕರಲ್ಲಿ ಮಕ್ಕಳು ಕಾರಣವನ್ನು ತಮ್ಮದೇ ಮಾತಿನಲ್ಲಿ ಬರೆದಿದ್ದರು. ಒಬ್ಬಳು ಮನೆಯ ಬಾಗಿಲಿಗೆ ಕಿವಿ ಹಚ್ಚಿ ನೋಡುತ್ತೇನೆ ಎಂದು ಬರೆದಿದ್ದಳು.

ಒಂದು ಗುಂಪಿನ, ಒಂದು ವರ್ಷದ ಅನುಭವ ಇದು. ಚೀಟಿಯ ಪಾಠಗಳಿಗೂ ಅಂಕ ಕೊಡಬೇಕೇ, ಕೊಟ್ಟರೆ ಅವೂ ತಾಲೀಮಿನ ಪಾಠಗಳಾಗಿಬಿಡುತ್ತವೆಯೇ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಡೆದಿದೆ. ಬರುವ ಅವಧಿಯಲ್ಲಿ ಇನ್ನೆರಡು ಬೋಧನಾ ವಿಷಯಗಳ ಗುಂಪುಗಳು ಸೇರಿಕೊಳ್ಳಲಿವೆ. ಬೇರೆ ಕಾಲೇಜುಗಳ ಸಹೋದ್ಯೋಗಿಗಳು ಇಂಥ ಪ್ರಯತ್ನ ಮಾಡಿದ್ದರೆ, ಅದರಲ್ಲೂ ಭಾಷಾ ಪಾಠಗಳಲ್ಲಿ ಮಾಡಿದ್ದರೆ, ಮುಂದಿನ ಸಂಚಿಕೆಗೆ ಬರೆಯಬೇಕೆಂದು ಕೋರುತ್ತೇನೆ.